ಐದು ತಾಲ್ಲೂಕುಗಳ ಹುಡುಗಿಯರಿಗೆ ಒಂದು ಫುಟ್‌ಬಾಲ್ ಲೀಗ್ ಬೇಕು

ಸಂಕೇಶ್ವರದಿಂದ ಹಿರಣ್ಯಕೇಶಿ ನದಿಯ ಮೇಲ್ದಿಕ್ಕಿಗೆ ಹೋದರೆ ಗಡಹಿಂಗ್ಲಜ ಸಿಗುತ್ತದೆ. ಅದು ಕೊಲ್ಹಾಪುರ ಜಿಲ್ಲೆಯ ಊರಾದರೂ ನಿಪ್ಪಾಣಿ, ಚಿಕ್ಕೋಡಿಯವರಿಗೆ ಪರಸ್ಥಳವೇನಲ್ಲ. ಸಂತೆಗೆ, ಬೀಗತನಕ್ಕೆ, ದವಾಖಾನೆಗೆ ಜನ ಗಡಿಯ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತಾರೆ. ಆ ತಾಲ್ಲೂಕಿನ ಬೇಕನಾಳ ಎಂಬ ಹಳ್ಳಿಯ ಅಂಜು ತುರಂಬೇಕರ ಮಹಾರಾಷ್ಟ್ರ ತಂಡಕ್ಕೆ ಫುಟ್‌ಬಾಲ್ ಆಡಿದರು. ಆಮೇಲೆ ತರಬೇತಿಯ ಕಡೆ ಹೊರಳಿ, ಏಷ್ಯಾ ಫುಟ್‌ಬಾಲ್ ಒಕ್ಕೂಟದ ‘ಎ’ ಲೈಸೆನ್ಸ್ ಪಡೆದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನಲ್ಲಿ ಎಳೆಯರ ಫುಟ್‌ಬಾಲ್ ವಿಭಾಗದ ಮುಖ್ಯಸ್ಥೆಯಾದರು. ಗೋವಾದ ಹಳೆಯ ಕ್ಲಬ್ ಡೆಂಪೊ ತನ್ನ ಯುವ ತಂಡಗಳ ಹೊಣೆಯನ್ನು ಅವರಿಗೆ ಒಪ್ಪಿಸಿತು.

ಗಡಿಯ ಆ ಕಡೆ ಈ ಕಡೆ ಬೆಳೆ ಒಂದೇ, ಮಳೆ ಒಂದೇ, ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿಮಾತೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗಿಯೊಬ್ಬಳು ಫುಟ್‌ಬಾಲ್ ಆಡಿಯೇ ಬದುಕುತ್ತೇನೆ ಎಂದು ಹೊರಟರೆ ಅವಳು ಕಾಲಿಡಬೇಕಾದ ಮೊದಲ ಮೆಟ್ಟಿಲು ಯಾವುದು?

ಆ ಮೆಟ್ಟಿಲು ಎಂದರೆ ಪಂದ್ಯ. ಊರಿಗೆ ಹತ್ತಿರದಲ್ಲಿ, ತನ್ನ ವಯಸ್ಸಿನವರ ಜೊತೆ, ವಾರ ಬಿಟ್ಟು ವಾರ ಆಡಲು ಸಿಗುವ ಪಂದ್ಯ. ಅದರ ಬದಲು ನಮ್ಮಲ್ಲಿ ಇರುವುದು ಶಾಲಾ ಕ್ರೀಡಾಕೂಟ. ಜೂನ್‌ನಲ್ಲಿ ಶಾಲೆ ತೆರೆಯುತ್ತದೆ. ಮಳೆಗಾಲದ ನಡುವೆ ವಲಯ ಮಟ್ಟದ ಆಟಗಳು, ಅದರ ಬೆನ್ನಿಗೇ ತಾಲ್ಲೂಕು, ಆಮೇಲೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮಟ್ಟ, ಅಲ್ಲಿ ಗೆದ್ದವರಿಗೆ ವಿಭಾಗ ಮಟ್ಟ, ಕೊನೆಗೆ ರಾಜ್ಯ ಮಟ್ಟ. ಸೋತವರು ಮನೆಗೆ ಎಂಬುದು ಈ ಕೂಟಗಳ ಪದ್ಧತಿ. ಅಂದರೆ ಕಣಕ್ಕಿಳಿದ ತಂಡಗಳಲ್ಲಿ ಅರ್ಧದಷ್ಟು ಒಂದೇ ಪಂದ್ಯ ಆಡಿ ಬಸ್ ಹತ್ತುತ್ತವೆ. ಎಂಟನೇ ತರಗತಿಯ ಹುಡುಗಿಗೆ ಅಂದು ಚೆಂಡು ಎರಡೇ ಸಲ ಕಾಲಿಗೆ ಸಿಕ್ಕಿದ್ದರೆ, ಆ ವರ್ಷದ ಅವಳ ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. ಇನ್ನು ಮುಂದಿನ ಮಳೆಗಾಲದವರೆಗೆ ಕಾಯಬೇಕು. ಅದೂ ಹೀಗೆಯೇ ಕಳೆದರೆ ಒಂಬತ್ತನೆಯದು ಮುಗಿದು ಹತ್ತನೇ ತರಗತಿ ಬಂದಿರುತ್ತದೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಎಂಥ ಆಟ ಎಂದು ಮನೆಯಲ್ಲಿ ಬಾಗಿಲು ಹಾಕುತ್ತಾರೆ.

ಮೈದಾನದ ಸ್ಥಿತಿಯನ್ನೂ ಹತ್ತಿರದಿಂದ ನೋಡಬೇಕು. ಅಥಣಿ, ರಾಯಬಾಗ ಭಾಗದ ಬಹಳಷ್ಟು ಶಾಲೆಗಳ ಅಂಗಳ ಎರೆ ಮಣ್ಣಿನದು. ಕ್ರೀಡಾಕೂಟದ ಹೊತ್ತಿಗೆ ಅದು ಅಂಟು ಕೆಸರು. ನಾಲ್ಕು ಹೆಜ್ಜೆ ಓಡಿದರೆ ಬೂಟಿನ ಗುಬ್ಬಿಗಳ ಸಂದಿಯಲ್ಲೆಲ್ಲ ಮಣ್ಣು ತುಂಬಿ ಅಡಿ ಸಪಾಟಾಗುತ್ತದೆ, ಕಾಲು ಕಲ್ಲು ಕಟ್ಟಿದಷ್ಟು ಭಾರವಾಗುತ್ತದೆ. ಬೂಟೇ ಇಲ್ಲದ ಹುಡುಗಿ ಬರಿಗಾಲಿನಲ್ಲಿ ಜಾರುತ್ತ ಆಡುತ್ತಾಳೆ. ಚೆಂಡು ನೆನೆದು ಎತ್ತಲಾರದಂತಾಗಿ ಗೋಲಿನ ಮುಂದಿನ ಗುಂಡಿಯಲ್ಲಿ ನಿಂತುಬಿಡುತ್ತದೆ. ಅದನ್ನು ಒದೆಯಲು ಎಂಟು ಜನ ಒಟ್ಟಿಗೆ ನುಗ್ಗುತ್ತಾರೆ. ಪಾಸು, ಜಾಗ ಹಿಡಿಯುವುದು, ತಲೆ ಎತ್ತಿ ನೋಡುವುದು ಇವೆಲ್ಲ ಅಂಥ ನೆಲದಲ್ಲಿ ಕಲಿಯಲು ಆಗದ ಸಂಗತಿಗಳು. ಅದೇ ಅಂಗಳ ನವೆಂಬರಿನಿಂದ ಜನವರಿವರೆಗೆ ಒಣಗಿ ಗಟ್ಟಿಯಾಗಿ, ಇನ್ನೂ ಬಿರುಕು ಬಿಡದೆ, ಆಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆ ಮೂರು ತಿಂಗಳು ಅಲ್ಲಿ ಯಾರೂ ಆಡುವುದಿಲ್ಲ. ನಮ್ಮ ಕ್ರೀಡಾ ವೇಳಾಪಟ್ಟಿ ಮಣ್ಣಿಗೂ ಮಳೆಗೂ ತಿರುಗಾಮುರುಗಾ ಇದೆ.

ಫುಟ್‌ಬಾಲ್ ಈ ಸೀಮೆಗೆ ಗೊತ್ತಿಲ್ಲದ ಆಟವೇನಲ್ಲ. ಕೊಲ್ಹಾಪುರದ ಶಾಹೂ ಕ್ರೀಡಾಂಗಣದಲ್ಲಿ ಪಾಟಾಕಡೀಲ, ದಿಲ್‌ಬಹಾರ್ ಮುಂತಾದ ತಾಲೀಮುಗಳ ತಂಡಗಳು ಆಡುವಾಗ ಕಟ್ಟೆಗಳು ತುಂಬಿ ತುಳುಕುತ್ತವೆ. ಕುಸ್ತಿಯ ತಾಲೀಮುಗಳೇ ಫುಟ್‌ಬಾಲ್ ತಂಡ ಕಟ್ಟಿದ್ದು ಆ ಊರಿನ ವಿಶೇಷ. ಅಲ್ಲಿಯ ಅನಿಕೇತ್ ಜಾಧವ್ 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದರು. ನಿಪ್ಪಾಣಿಯಿಂದ ಕೊಲ್ಹಾಪುರ ಒಂದು ತಾಸಿನ ದಾರಿ. ಆದರೆ ಆ ಗದ್ದಲವೆಲ್ಲ ಗಂಡು ಹುಡುಗರ ಆಟಕ್ಕೆ. ಕರ್ನಾಟಕದ ಕಡೆಗೆ ಮುಖ ಮಾಡಿದರೆ ಮಹಿಳಾ ಫುಟ್‌ಬಾಲಿನ ಕೇಂದ್ರ ಬೆಂಗಳೂರು, ಐನೂರು ಕಿಲೋಮೀಟರಿಗೂ ಆಚೆ. ಅಲ್ಲಿಯ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್‌ವರೆಗೆ ಹೋಗಿ ಗೋಕುಲಂ ಕೇರಳ ತಂಡಕ್ಕೆ 0–5ರಿಂದ ಸೋತಿತು. ರಾಜ್ಯಕ್ಕೆ ಅದು ದೊಡ್ಡ ಸಾಧನೆಯೇ. ಆದರೆ ಆ ತಂಡದ ಬಲ ಬಹುಪಾಲು ಮಣಿಪುರ, ಒಡಿಶಾದಂಥ ಕಡೆಗಳಿಂದ ಬಂದ ಆಟಗಾರ್ತಿಯರದು. ಬೆಂಗಳೂರಿನ ಕ್ಲಬ್ಬಿಗೆ ಇಂಫಾಲ ಹತ್ತಿರವಾಗಿ ರಾಯಬಾಗ ದೂರವಾಗಿದ್ದು ಹೇಗೆ ಎಂದು ರಾಜ್ಯ ಫುಟ್‌ಬಾಲ್ ಸಂಸ್ಥೆ ತನ್ನನ್ನು ಕೇಳಿಕೊಳ್ಳಬೇಕು.

ಇಲ್ಲಿ ತಾಯಂದಿರ ಪ್ರಶ್ನೆಯೊಂದಿದೆ. ‘ಚೆಂಡು ಒದ್ದರ ಹೊಟ್ಟಿ ತುಂಬತೈತೇನು?’ ಇದನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿದು ಮಗಳನ್ನು ಓದಿಸುವ ಹೆಂಗಸಿಗೆ ಲೆಕ್ಕ ಬೇಕು, ಲೆಕ್ಕ ಕೊಡಬೇಕು.

ಲೆಕ್ಕ ಹೀಗಿದೆ. ದೇಶದ ಮಹಿಳಾ ಲೀಗ್ ಶುರುವಾದದ್ದು 2016–17ರಲ್ಲಿ. ಮೊದಲ ವರ್ಷಗಳಲ್ಲಿ ಎಲ್ಲ ತಂಡಗಳನ್ನೂ ಒಂದು ಊರಿನಲ್ಲಿ ಸೇರಿಸಿ ಕೆಲವೇ ವಾರಗಳಲ್ಲಿ ಮುಗಿಸುತ್ತಿದ್ದರು. 2020ರ ಫೆಬ್ರುವರಿ 14ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಗೋಕುಲಂ ತಂಡ ಮಣಿಪುರದ ಕ್ರಿಫ್ಸಾ ತಂಡವನ್ನು 3–2ರಿಂದ ಸೋಲಿಸಿ ಕಪ್ ಎತ್ತಿದ್ದು ಅಂಥದೇ ಚುಟುಕು ಟೂರ್ನಿಯಲ್ಲಿ. ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂಬ ಸರಿಯಾದ ಲೀಗ್ ಪದ್ಧತಿ ಬಂದದ್ದು 2023–24ರಲ್ಲಿ. ಆ ವರ್ಷ ಏಳು ತಂಡಗಳು ತಲಾ 12 ಪಂದ್ಯ ಆಡಿದವು. ಅದೇ ಋತುವಿನಿಂದ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕೆಂದು ಫೆಡರೇಷನ್ ನಿಯಮ ಮಾಡಿತು. ತಿಂಗಳಿಗೆ ಹಂಚಿದರೆ ಇಪ್ಪತ್ತಾರು ಸಾವಿರದ ಮೇಲೆ. ಹಳ್ಳಿಯ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೆ ಏಳು ಕ್ಲಬ್‌ಗಳಿಗೆ ಹತ್ತರಂತೆ ಎಣಿಸಿದರೆ, ಆ ಋತುವಿನಲ್ಲಿ ನಿಯಮದ ಬಲದಿಂದ ಸಂಬಳದ ಖಾತ್ರಿ ಪಡೆದವರು ಇಡೀ ದೇಶದಲ್ಲಿ ಎಪ್ಪತ್ತು ಜನ. ಕ್ರಿಕೆಟ್ ಮಂಡಳಿ 2022ರ ಅಕ್ಟೋಬರಿನಲ್ಲಿ ಹೆಣ್ಣು ಗಂಡು ಇಬ್ಬರಿಗೂ ಸಮಾನ ಪಂದ್ಯ ಶುಲ್ಕ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ಅಂದರೆ ಭಾರತದ ಕ್ರಿಕೆಟ್ ಆಟಗಾರ್ತಿ ಒಂದು ಟಿ20 ಪಂದ್ಯಕ್ಕೆ ಪಡೆಯುವುದೂ ಫುಟ್‌ಬಾಲ್ ಆಟಗಾರ್ತಿಯ ವರ್ಷದ ಕನಿಷ್ಠ ಸಂಬಳವೂ ಹತ್ತಿರ ಹತ್ತಿರ ಒಂದೇ.

ಈ ಸತ್ಯವನ್ನು ಮುಚ್ಚಿಟ್ಟು ಹುಡುಗಿಯರನ್ನು ಮೈದಾನಕ್ಕೆ ಕರೆಯುವುದು ತಪ್ಪು. ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಮಹಿಳಾ ಫುಟ್‌ಬಾಲ್ ಆಟಗಾರ್ತಿಯ ಬದುಕನ್ನು ಇಷ್ಟು ದಿನ ಹಿಡಿದು ನಿಲ್ಲಿಸಿದ್ದು ಸರ್ಕಾರಿ ನೌಕರಿ. ಎರಡು ದಶಕ ಭಾರತಕ್ಕೆ ಆಡಿ 2016ರಲ್ಲಿ ನಿವೃತ್ತರಾಗಿ 2020ರಲ್ಲಿ ಪದ್ಮಶ್ರೀ ಪಡೆದ ಒಯಿನಂ ಬೆಂಬೆಂ ದೇವಿ ಮಣಿಪುರ ಪೊಲೀಸ್ ಇಲಾಖೆಯವರು. 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ ಸೇರಿದ ಬಾಲಾ ದೇವಿಯೂ ಅದೇ ಇಲಾಖೆಯಿಂದ ಹೋದವರು. ಅಲ್ಲಿ ಅವರು ಅದೇ ವರ್ಷ ಡಿಸೆಂಬರಿನಲ್ಲಿ ಗೋಲು ಹೊಡೆದಾಗ ವಯಸ್ಸು ಮೂವತ್ತು. ನೌಕರಿಯ ಭದ್ರತೆ ಇಲ್ಲದಿದ್ದರೆ ಆ ವಯಸ್ಸಿನವರೆಗೆ ಆಟ ಉಳಿಯುತ್ತಿತ್ತೇ? ಕರ್ನಾಟಕದಲ್ಲೂ ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಮೀಸಲು ಇದೆ. ಆದರೆ ಅದನ್ನು ಕೇಳಲು ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಬೇಕು. ವರ್ಷಕ್ಕೆ ಒಂದೇ ಪಂದ್ಯ ಆಡುವ ಹುಡುಗಿಯ ಕೈಗೆ ಆ ಕಾಗದ ಹೇಗೆ ಬರಬೇಕು?

ಆದರೂ ಹಳ್ಳಿಗಳಿಂದ ಮೇಲೆ ಬಂದವರಿದ್ದಾರೆ. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿಯ ಮನೀಷಾ ಕಲ್ಯಾಣ್ 2021ರ ನವೆಂಬರಿನಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ವಿರುದ್ಧ ಗೋಲು ಹೊಡೆದರು. ಮರುವರ್ಷ ಸೈಪ್ರಸ್‌ನ ಅಪೊಲೊನ್ ಕ್ಲಬ್ ಸೇರಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದರು. ಆಮೇಲೆ ಗ್ರೀಸ್, ಅಲ್ಲಿಂದ ಪೆರು. ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರ ಇನ್ನೂ ಸೋಜಿಗ. ಶಾಲೆಯ ಅಂಗಳದಲ್ಲಿ ಹುಡುಗಿಯರು ಚೆಂಡು ಒದೆಯಲು ಶುರುಮಾಡಿದ ಆ ಹಳ್ಳಿ ತನ್ನ ಹೆಸರಿನದೇ ಕ್ಲಬ್ ಕಟ್ಟಿ ಮೊದಲ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಆಡಿತು. ಭಾರತ ತಂಡದ ಸಂಜು ಯಾದವ್ ಅಲ್ಲಿಯವರು. ಹೆಣ್ಣುಮಕ್ಕಳ ವಿಷಯದಲ್ಲಿ ಹರಿಯಾಣದ ಹಳ್ಳಿಗಳು ನಮ್ಮ ಹಳ್ಳಿಗಳಿಗಿಂತ ಉದಾರ ಎಂದು ಯಾರೂ ಹೇಳಲಾರರು. ಅಲ್ಲಿ ಬದಲಾದದ್ದು ಇಷ್ಟೇ: ಒಂದು ಶಾಲೆಯ ಮೈದಾನದಲ್ಲಿ ಹುಡುಗಿಯರು ದಿನಾ ಆಡಿದರು, ಅಕ್ಕಂದಿರನ್ನು ನೋಡಿ ತಂಗಿಯರು ಬಂದರು.

ನಮ್ಮ ಜಿಲ್ಲೆಯಲ್ಲೇ ಪುರಾವೆ ಇದೆ. ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ್ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಜೂಡೊವನ್ನು ಹೋಲುವ ಕುರಾಶ್‌ನಲ್ಲಿ ಕಂಚು ತಂದರು. ಜೂಡೊ ಕಲಿಸುವ ಕೋಚ್‌ಗಳು ಬೆಳಗಾವಿಯಲ್ಲೇ ಇದ್ದರು, ದಿನಾ ಎದುರಾಳಿಗಳು ಸಿಗುತ್ತಿದ್ದರು. ಅಥಣಿಗೆ ನೆರೆಯ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ ಐದು ವಿಕೆಟ್ ಪಡೆದರು. ಈ ಸೀಮೆಯ ಹುಡುಗಿಯರ ಮೈಯಲ್ಲಿ ಕಸುವಿಲ್ಲ ಎಂಬ ಮಾತು ಇವರ ಮುಂದೆ ನಿಲ್ಲುವುದಿಲ್ಲ. ಹೆಣ್ಣಿಗೆ ಫುಟ್‌ಬಾಲ್ ಒಗ್ಗದು ಎಂಬ ನಂಬಿಕೆಯೂ ನಮ್ಮೊಬ್ಬರದೇ ಅಲ್ಲ. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಗೂಡಿಸನ್ ಪಾರ್ಕ್‌ನಲ್ಲಿ ಹೆಂಗಸರ ಪಂದ್ಯ ನೋಡಲು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ನಿಷೇಧ ಹಾಕಿ, ಅದನ್ನು ಸುಮಾರು ಐವತ್ತು ವರ್ಷ ಮುಂದುವರಿಸಿತು.

ಪಂದ್ಯಗಳಿಲ್ಲದ ತಯಾರಿಯಿಂದ ಏನಾಗುತ್ತದೆ ಎಂಬುದನ್ನು ದೇಶ 2022ರ ಅಕ್ಟೋಬರಿನಲ್ಲಿ ಕಂಡಿತು. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ನಡೆಯಿತು, ಕೆಲವು ಪಂದ್ಯಗಳು ನಮಗೆ ಹತ್ತಿರದ ಮಡಗಾಂವದಲ್ಲೂ ಇದ್ದವು. ಭುವನೇಶ್ವರದಲ್ಲಿ ಆಡಿದ ಭಾರತ ತಂಡ ಅಮೆರಿಕಕ್ಕೆ 0–8, ಮೊರಾಕೊಗೆ 0–3, ಬ್ರೆಜಿಲ್‌ಗೆ 0–5ರಿಂದ ಸೋತಿತು. ಆ ಹುಡುಗಿಯರು ತಿಂಗಳುಗಟ್ಟಲೆ ಶಿಬಿರದಲ್ಲಿ ಬೆವರು ಸುರಿಸಿದ್ದರು. ಅವರ ವಯಸ್ಸಿನವರಿಗೆ ವರ್ಷವಿಡೀ ನಡೆಯುವ ಲೀಗ್ ಮಾತ್ರ ದೇಶದಲ್ಲಿ ಇರಲಿಲ್ಲ. ಹಿರಿಯರ ಕಥೆ ಈಚೆಗೆ ಬೇರೆಯಾಗಿದೆ. ಲೀಗ್ ಪಂದ್ಯಗಳು ಹೆಚ್ಚಿದ ಮೇಲೆ, 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಭಾರತದ ಮಹಿಳೆಯರು ಮೊದಲ ಬಾರಿಗೆ ಅರ್ಹತಾ ಸುತ್ತು ಗೆದ್ದು ಏಷ್ಯಾ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಎಲ್ಲವೂ ಲೀಗ್‌ನಿಂದಲೇ ಆಯಿತೆನ್ನುವುದು ಅತಿಯಾದೀತು, ಆದರೆ ಪಂದ್ಯಕ್ಕೂ ಫಲಕ್ಕೂ ಇರುವ ನಂಟು ಕಣ್ಣಿಗೆ ಕಾಣುವಂತಿದೆ.

ಕೂಲಿಯ ಮಾತಿಗೆ ಮರಳಿದರೆ, ಅದನ್ನು ಆಡಲು ನಿಪ್ಪಾಣಿಗಿಂತ ಯೋಗ್ಯ ಊರಿಲ್ಲ. ತಂಬಾಕಿನ ವಖಾರಗಳ ಘಾಟಿನಲ್ಲಿ ದುಡಿಯುತ್ತಿದ್ದ ಹೆಂಗಸರು 1980ರ ಆಸುಪಾಸಿನಲ್ಲಿ ಸಂಘ ಕಟ್ಟಿ, ಕೂಲಿಗೂ ಮರ್ಯಾದೆಗೂ ಹೋರಾಡಿದ ಊರು ಅದು. ಆ ಹೋರಾಟದ ಬಗ್ಗೆ ಯುಗಾಂತರ್ ಎಂಬ ಮಹಿಳಾ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿದೆ. ಆ ಹೆಂಗಸರ ಮೊಮ್ಮಕ್ಕಳು ಇವತ್ತು ಶಾಲೆಯ ಅಂಗಳದಲ್ಲಿದ್ದಾರೆ. ಆಟವೂ ದುಡಿಮೆಯೇ ಎಂಬ ಮಾತು ಅವರ ಮನೆಗಳಲ್ಲಿ ಬೇಗ ಅರ್ಥವಾದೀತು. ಹೆರಿಗೆಯಾದ ಆಟಗಾರ್ತಿಗೆ ಕನಿಷ್ಠ 14 ವಾರ ಸಂಬಳಸಹಿತ ರಜೆ ಕೊಡಬೇಕೆಂದು ಫಿಫಾ ನಿಯಮ ತಂದದ್ದು 2021ರಲ್ಲಿ. ಐಸ್‌ಲೆಂಡಿನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೊತ್ತಿರ್ ಬಸುರಿಯಾಗಿದ್ದಾಗ ಕ್ಲಬ್ ಪೂರ್ತಿ ಸಂಬಳ ಕೊಡದಿದ್ದಾಗ ಅವರು ಫಿಫಾ ನ್ಯಾಯಮಂಡಳಿಗೆ ಹೋಗಿ 82,000 ಯೂರೊಗೂ ಹೆಚ್ಚು ಬಾಕಿ ಗೆದ್ದರು. ಕೇಳಿದ್ದರಿಂದ ಸಿಕ್ಕಿತು.

ಮಗಳನ್ನು ಹೊರಗೆ ಕಳಿಸುವ ಅಂಜಿಕೆಗೂ ಕಾರಣಗಳಿವೆ. 2022ರಲ್ಲಿ 17 ವರ್ಷದೊಳಗಿನ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಒಬ್ಬರನ್ನು ಲೈಂಗಿಕ ದುರ್ವರ್ತನೆಯ ಕಾರಣಕ್ಕೆ ವಜಾ ಮಾಡಲಾಯಿತು. 2024ರ ಮಾರ್ಚ್‌ನಲ್ಲಿ ಗೋವಾಕ್ಕೆ ಆಡಲು ಬಂದಿದ್ದ ಹಿಮಾಚಲದ ಕ್ಲಬ್‌ನ ಇಬ್ಬರು ಆಟಗಾರ್ತಿಯರು ಪದಾಧಿಕಾರಿಯೊಬ್ಬರು ತಮ್ಮ ಮೇಲೆ ಕೈಮಾಡಿದರೆಂದು ದೂರು ಕೊಟ್ಟರು. ಪೊಲೀಸರು ಆ ಪದಾಧಿಕಾರಿಯನ್ನು ಬಂಧಿಸಿದರು, ಫೆಡರೇಷನ್ ಅಮಾನತು ಮಾಡಿತು. ಆದ್ದರಿಂದ ಹುಡುಗಿಯರ ತಂಡ ಎಲ್ಲಿಗೆ ಹೋದರೂ ಜೊತೆಗೆ ಶಿಕ್ಷಕಿಯೊಬ್ಬರು ಇರಲೇಬೇಕು, ದೂರು ಹೇಳಲು ತಂಡದ ಹೊರಗಿನ ಒಬ್ಬ ಹಿರಿಯ ಹೆಣ್ಣುಮಗಳ ಫೋನ್ ನಂಬರು ಪ್ರತಿ ಆಟಗಾರ್ತಿಯ ಮನೆಯಲ್ಲಿ ಇರಬೇಕು. ಇದರಲ್ಲಿ ರಿಯಾಯಿತಿ ಕೂಡದು.

ಮೊಣಕಾಲಿನ ವಿಷಯವೂ ಹಾಗೆಯೇ. ಒಮ್ಮೆಲೆ ತಿರುಗಿದಾಗ, ಜಿಗಿದು ಇಳಿದಾಗ ಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು. ಆಪರೇಷನ್, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಎಷ್ಟೋ ಸಲ ಆಟವೇ ಬಂದ್. ಇದಕ್ಕೆ ಫಿಫಾದ ವೈದ್ಯರು ರೂಪಿಸಿದ ‘11+’ ಎಂಬ ತಯಾರಿ ವ್ಯಾಯಾಮವಿದೆ. ಸುಮಾರು 20 ನಿಮಿಷ ಮೆಲ್ಲಗೆ ಓಟ, ಒಂಟಿ ಕಾಲಿನ ಮೇಲೆ ನಿಲ್ಲುವುದು, ಮೊಣಕಾಲು ಒಳಕ್ಕೆ ಬಾಗದಂತೆ ಬೈಠಕ್ ಹೊಡೆಯುವುದು, ಜಿಗಿದು ಮೆತ್ತಗೆ ಇಳಿಯುವುದು. ಚೆಂಡು ಬಿಟ್ಟು ಬೇರೆ ಸಲಕರಣೆ ಬೇಡ. ನಿಯಮಿತವಾಗಿ ಮಾಡುವ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾಗುತ್ತವೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಗರಡಿಯ ನಾಡಿನಲ್ಲಿ ಬೈಠಕ್ ಹೇಳಿಕೊಡುವವರಿಗೆ ಬರವಿಲ್ಲ.

ಇನ್ನು ಆಗಬೇಕಾದ ಕೆಲಸ. ಐದು ತಾಲ್ಲೂಕುಗಳಿಂದ ತಲಾ ಎರಡು ತಂಡ, 14 ವರ್ಷದೊಳಗಿನವರು. ಹತ್ತು ತಂಡಗಳು ಎಲ್ಲರೊಂದಿಗೂ ಒಂದೊಂದು ಸಲ ಆಡಿದರೆ ಪ್ರತಿ ಹುಡುಗಿಗೆ ಒಂಬತ್ತು ಪಂದ್ಯ ಸಿಗುತ್ತವೆ, ಸೋತರೂ ಗೆದ್ದರೂ. ನವೆಂಬರಿನಿಂದ ಜನವರಿವರೆಗೆ ಶನಿವಾರ ಶಾಲೆ ಬಿಟ್ಟ ಮೇಲೆ ಆಡಿಸಿದರೆ ಪರೀಕ್ಷೆಗೂ ತೊಂದರೆಯಿಲ್ಲ, ಮಣ್ಣೂ ಸಹಕರಿಸುತ್ತದೆ. ಹನ್ನೊಂದು ಜನ ಕೂಡದ ಊರಲ್ಲಿ ಏಳು ಜನರ ಆಟ ಸಾಕು, ಚಿಕ್ಕ ಅಂಗಳದಲ್ಲಿ ಚೆಂಡು ಎಲ್ಲರ ಕಾಲಿಗೂ ಹೆಚ್ಚು ಸಲ ಬರುತ್ತದೆ. ಪ್ರಯಾಣದ ಖರ್ಚು ದೊಡ್ಡ ಅಡ್ಡಿಯಾಗಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೂ ಜೊತೆಗಿರುವ ಶಿಕ್ಷಕಿಗೂ ಸರ್ಕಾರಿ ಬಸ್ ಉಚಿತ. ಕಾಗವಾಡದ ತಂಡ ರಾಯಬಾಗಕ್ಕೆ, ನಿಪ್ಪಾಣಿಯದು ಅಥಣಿಗೆ ಟಿಕೆಟ್ ದುಡ್ಡಿಲ್ಲದೆ ಹೋಗಿ ಬರಬಹುದು. ಆ ಯೋಜನೆಯಿಂದ ಇಂಥ ಉಪಯೋಗ ತೆಗೆಯಬಹುದೆಂದು ಕ್ರೀಡಾ ಇಲಾಖೆಗೆ ಇನ್ನೂ ಹೊಳೆದಂತಿಲ್ಲ.

ಉಳಿದದ್ದು ಚೆಂಡು, ಬಲೆ, ಬೂಟು, ರೆಫರಿಯ ಭತ್ಯೆ, ಬಾಳೆಹಣ್ಣು ಮತ್ತು ನೀರು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು, ಆ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿಯೂ ಇದೆ. ಉಗಾರದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಕೃಷ್ಣಾ, ದೂಧಗಂಗಾ ತೀರದ ಕಾರ್ಖಾನೆಗಳವರೆಗೆ ಈ ಐದು ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ನಡೆಯುವುದೂ ಅದೇ ತಿಂಗಳುಗಳಲ್ಲಿ. ಒಂದೊಂದು ಕಾರ್ಖಾನೆ ಒಂದೊಂದು ತಂಡದ ಹೊಣೆ ಹೊತ್ತರೆ ಹತ್ತು ತಂಡಗಳಿಗೆ ಪ್ರಾಯೋಜಕರು ಸಿಕ್ಕಂತೆ. ಕೇಂದ್ರ ಕ್ರೀಡಾ ಸಚಿವಾಲಯದ ‘ಅಸ್ಮಿತಾ’ ಯೋಜನೆಯಡಿ ಹುಡುಗಿಯರ ಲೀಗ್‌ಗಳು ನಡೆಯುತ್ತಿವೆ, ಚಿಕ್ಕೋಡಿಗೂ ಒಂದು ಕೊಡಿ ಎಂದು ಸಂಸದರೂ ಶಾಸಕರೂ ಕೇಳಬಹುದು. ರೆಫರಿಗಳ ಕೊರತೆಯನ್ನು ನೀಗಲು ಪದವಿ ಕಾಲೇಜುಗಳ ವಿದ್ಯಾರ್ಥಿನಿಯರಿಗೆ ರಾಜ್ಯ ಸಂಸ್ಥೆ ಚಿಕ್ಕೋಡಿಯಲ್ಲೇ ತರಬೇತಿ ಕೊಟ್ಟು ಪರೀಕ್ಷೆ ನಡೆಸಲಿ. ಆಡಲು ತಡವಾದವರಿಗೂ ಅದೊಂದು ದುಡಿಮೆಯ ದಾರಿ. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳು ಕಡಿಮೆಯೇನಿಲ್ಲ, ಅಲ್ಲಿಗೆ ಈ ಹುಡುಗಿಯರೇ ಶನಿವಾರದ ಕೋಚ್‌ಗಳಾಗಬಹುದು.

ಋತು ಮುಗಿದ ಮೇಲೆ ಐದು ತಾಲ್ಲೂಕುಗಳಿಂದ ಆಯ್ದ ಒಂದು ತಂಡ ಗಡಹಿಂಗ್ಲಜಕ್ಕೂ ಕೊಲ್ಹಾಪುರಕ್ಕೂ ಹೋಗಿ ಆಡಿ ಬರಲಿ, ಅಲ್ಲಿಯ ಹುಡುಗಿಯರು ಇಲ್ಲಿಗೆ ಬರಲಿ. ಗಡಿಯ ವ್ಯಾಜ್ಯ ನ್ಯಾಯಾಲಯದಲ್ಲಿರಲಿ, ಚೆಂಡಿಗೆ ಅದರ ಹಂಗು ಬೇಡ. ಬೆಂಗಳೂರಿನ ಕ್ಲಬ್‌ಗಳ ಕೋಚ್‌ಗಳನ್ನು ಆ ಪಂದ್ಯಗಳಿಗೆ ಕರೆಸುವ ಹೊಣೆ ರಾಜ್ಯ ಫುಟ್‌ಬಾಲ್ ಸಂಸ್ಥೆಯದಾಗಲಿ.

ಇದಕ್ಕೆಲ್ಲ ಹೊಸ ಕ್ರೀಡಾಂಗಣ ಬೇಡ, ಹೊಸ ಹುದ್ದೆ ಬೇಡ, ವಿಧಾನಸಭೆಯಲ್ಲಿ ಮಸೂದೆ ಬೇಡ. ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿಯಿಂದ ಐದು ತಾಲ್ಲೂಕುಗಳ ಶಿಕ್ಷಣಾಧಿಕಾರಿಗಳಿಗೆ ಒಂದು ಸುತ್ತೋಲೆ ಹೋಗಬೇಕು, ಶನಿವಾರಗಳ ಪಟ್ಟಿ ಅದರ ಜೊತೆಗಿರಬೇಕು. ಗಣೇಶನ ಹಬ್ಬ ಮುಗಿಯುವುದರೊಳಗೆ ತಂಡಗಳ ಹೆಸರು ನೋಂದಾಯಿಸಿದರೆ, ದೀಪಾವಳಿ ಕಳೆದ ಮೊದಲ ಶನಿವಾರವೇ ಮೊದಲ ಸುತ್ತಿನ ಐದು ಪಂದ್ಯಗಳನ್ನು ಆಡಿಸಬಹುದು.